ಹತ್ತನೇ ಒಂದು ಅಳತೆಯ ಸೆಂಚೂರಿಯನ್: ಓಡುವ ಟ್ಯಾಂಕ್ ಮಾದರಿಯನ್ನು ಕಟ್ಟಿ ಬಣ್ಣ ಹಚ್ಚುವ ಬಗೆ

ಗಾಜಿನ ಕಪಾಟಿನಲ್ಲಿಡುವ ಮಾದರಿಯನ್ನು ಯಾವ ಭಾಗದಿಂದ ಆರಂಭಿಸಿದರೂ ನಡೆಯುತ್ತದೆ. ತನ್ನದೇ ಟ್ರ್ಯಾಕುಗಳ (ಚಕ್ರಗಳನ್ನು ಸುತ್ತುವರಿದ ಕೊಂಡಿಪಟ್ಟಿಗಳ) ಮೇಲೆ ಹುಲ್ಲು, ಕಲ್ಲು, ಉಬ್ಬುತಗ್ಗುಗಳನ್ನು ದಾಟಿ ಓಡಬೇಕಾದ ದೊಡ್ಡ ಮಾದರಿಯನ್ನು ಮಾತ್ರ ನೆಲದಿಂದ ಮೇಲಕ್ಕೇ ಕಟ್ಟಬೇಕು. ಮೊದಲು ಟ್ರ್ಯಾಕು ಮತ್ತು ಚಕ್ರ, ಆಮೇಲೆ ಮೋಟರು, ಅದಾದ ಮೇಲೆ ಒಡಲು, ಟರೆಟ್ (ಫಿರಂಗಿಯನ್ನು ಹೊತ್ತು ತಿರುಗುವ ಮೇಲ್ಭಾಗ) ಮತ್ತು ನಳಿಗೆ, ಎಲ್ಲವೂ ಓಡಿ ಪರೀಕ್ಷೆಯಲ್ಲಿ ಗೆದ್ದ ನಂತರ ಬಣ್ಣ. ನೋಡಲು ಅಂದವಾದ ಟರೆಟ್ಟನ್ನೇ ಮೊದಲು ಮಾಡಬೇಕೆಂಬ ಆಸೆ ಎಲ್ಲರಿಗೂ ಇರುತ್ತದೆ. ಆದರೆ ಅದನ್ನು ಹೊತ್ತು ಓಡಬೇಕಾದ ಭಾಗಗಳು ಸಿದ್ಧವಾಗುವ ಮೊದಲೇ ಟರೆಟ್ಟಿನ ತೂಕ ನಿಗದಿಯಾಗಿಬಿಟ್ಟರೆ ಮುಂದಿನ ಕೆಲಸವೆಲ್ಲ ಅದಕ್ಕೆ ಹೊಂದಿಕೊಳ್ಳಲು ಪರದಾಡುತ್ತದೆ.

ಈ ಬರಹದಲ್ಲಿ ಉದಾಹರಣೆಯಾಗಿ ತೆಗೆದುಕೊಂಡಿರುವುದು ಭಾರತೀಯ ಸೇನೆ ಬಳಸಿದ ಬ್ರಿಟಿಷ್ ನಿರ್ಮಿತ ಸೆಂಚೂರಿಯನ್ ಮಾರ್ಕ್ 7 ಟ್ಯಾಂಕನ್ನು. 1965ರ ಸೆಪ್ಟೆಂಬರಿನಲ್ಲಿ ಫಿಲ್ಲೋರಾ ಮತ್ತು ಚವಿಂಡಾ ಕದನಗಳಲ್ಲಿ ಲೆಫ್ಟಿನೆಂಟ್ ಕರ್ನಲ್ ಎ.ಬಿ. ತಾರಾಪೋರ್ ಮುನ್ನಡೆಸಿದ 17 ಹಾರ್ಸ್ ಎಂಬ ಟ್ಯಾಂಕ್ ರೆಜಿಮೆಂಟಿನ ಬಳಿ ಇದ್ದದ್ದು ಈ ಟ್ಯಾಂಕು. 1971ರ ಡಿಸೆಂಬರ್ 16ರಂದು ಬಸಂತರ್ ಕದನದಲ್ಲಿ ಅದೇ ರೆಜಿಮೆಂಟಿನ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್ ಕೊನೆಯವರೆಗೂ ಬಿಡದೆ ಹೋರಾಡಿದ ‘ಫಾಮಗುಸ್ತಾ’ ಎಂಬ ಹೆಸರಿನ ಟ್ಯಾಂಕೂ ಸೆಂಚೂರಿಯನ್ನೇ. ಇಬ್ಬರಿಗೂ ಮರಣೋತ್ತರವಾಗಿ ಪರಮವೀರ ಚಕ್ರ ಸಂದಿತು. ಇಂಥ ಹಿನ್ನೆಲೆಯುಳ್ಳ ವಾಹನವನ್ನು ಮಾದರಿಯಾಗಿ ಕಟ್ಟುವಾಗ ಅದರ ಪ್ರತಿಯೊಂದು ವಿವರವನ್ನೂ ಗೌರವದಿಂದ, ಸರಿಯಾಗಿ ಮೂಡಿಸಬೇಕೆಂಬ ಹೊಣೆ ತಾನಾಗಿಯೇ ಬರುತ್ತದೆ. ಕಟ್ಟುವವರ ದೃಷ್ಟಿಯಿಂದ ನೋಡಿದರೂ ಸೆಂಚೂರಿಯನ್ ಅನುಕೂಲಕರ. ಅದರ ಒಡಲು ಬಹುತೇಕ ನೇರ ತಗಡುಗಳಿಂದಾದದ್ದು, ಚಕ್ರಗಳು ದೊಡ್ಡವು, ಮತ್ತು ಪಕ್ಕದ ರಕ್ಷಣಾ ತಗಡುಗಳು ಟ್ರ್ಯಾಕಿನ ಮೇಲ್ಭಾಗವನ್ನು ಮುಚ್ಚುವುದರಿಂದ ಅಲ್ಲಿ ಕೆಲವು ಸರಳೀಕರಣಗಳಿಗೆ ಅವಕಾಶವಿದೆ.

ಅಳತೆ ಮತ್ತು ತೂಕ

ಹತ್ತನೇ ಒಂದು ಅಳತೆಯನ್ನು ಆರಿಸಿಕೊಂಡರೆ ಲೆಕ್ಕ ಸುಲಭ. ನಳಿಗೆಯನ್ನು ಬಿಟ್ಟು ಸುಮಾರು 7.6 ಮೀಟರ್ ಉದ್ದ, 3.39 ಮೀಟರ್ ಅಗಲ ಮತ್ತು ಸುಮಾರು 3 ಮೀಟರ್ ಎತ್ತರವಿರುವ ಟ್ಯಾಂಕು ಮಾದರಿಯಲ್ಲಿ 76 ಸೆಂ.ಮೀ. ಉದ್ದ, 34 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರವಾಗುತ್ತದೆ. 61 ಸೆಂ.ಮೀ. ಅಗಲದ ಟ್ರ್ಯಾಕು 61 ಮಿ.ಮೀ. ಆಗುತ್ತದೆ. ತೂಕದ ಲೆಕ್ಕ ಮಾತ್ರ ಹೀಗೆ ನಡೆಯುವುದಿಲ್ಲ. ಉದ್ದ ಹತ್ತನೇ ಒಂದಕ್ಕೆ ಇಳಿದರೆ ಘನಗಾತ್ರ ಸಾವಿರದಲ್ಲಿ ಒಂದಕ್ಕೆ ಇಳಿಯುತ್ತದೆ. ಹಾಗಾಗಿ ಸುಮಾರು 52 ಟನ್ನಿನ ಟ್ಯಾಂಕು ಅದೇ ಸಾಂದ್ರತೆಯಲ್ಲಿ 52 ಕೆ.ಜಿ. ತೂಗಬೇಕು. ಪ್ಲೈವುಡ್, ಅಲ್ಯೂಮಿನಿಯಂ ಮತ್ತು ಪ್ಲಾಸ್ಟಿಕ್ಕಿನಿಂದ ಕಟ್ಟಿದ ಮಾದರಿ 15ರಿಂದ 18 ಕೆ.ಜಿ.ಯ ಒಳಗೆ ನಿಲ್ಲುತ್ತದೆ, ನಿಲ್ಲಲೂಬೇಕು, ಏಕೆಂದರೆ ಅದಕ್ಕಿಂತ ಹೆಚ್ಚಾದರೆ ಒಬ್ಬರೇ ಎತ್ತಿ ಸಾಗಿಸುವುದು ಕಷ್ಟ. ಈ ಬರಹದ ಮುಂದಿನ ಎಲ್ಲ ಲೆಕ್ಕಗಳೂ 15 ಕೆ.ಜಿ.ಯನ್ನು ಆಧರಿಸಿವೆ.

ಅಳತೆಗಳಿಗಾಗಿ ಮುದ್ರಿತ ನಕ್ಷೆಗಳನ್ನಷ್ಟೇ ನಂಬದೆ, ಸಾಧ್ಯವಾದರೆ ನಿಜವಾದ ಟ್ಯಾಂಕನ್ನು ನೋಡಿ ಬರುವುದು ಒಳ್ಳೆಯದು. ಮಹಾರಾಷ್ಟ್ರದ ಅಹ್ಮದ್‌ನಗರದಲ್ಲಿ, ಈಗಿನ ಅಹಿಲ್ಯಾನಗರದಲ್ಲಿ, ಇರುವ ಕ್ಯಾವಲ್ರಿ ಟ್ಯಾಂಕ್ ಮ್ಯೂಸಿಯಂ ಉತ್ತರ ಕರ್ನಾಟಕದವರಿಗೆ ಹೆಚ್ಚು ದೂರವೇನಲ್ಲ. ಫೋಟೋ ತೆಗೆಯುವಾಗ ಇಡೀ ಟ್ಯಾಂಕಿನ ಚಿತ್ರಕ್ಕಿಂತ ಬೆಸುಗೆಯ ಗೆರೆ, ಬೋಲ್ಟಿನ ತಲೆ, ತಗಡಿನ ಅಂಚಿನ ದಪ್ಪ, ಕೊಂಡಿ ಮತ್ತು ಹಿಡಿಕೆಗಳ ಬುಡ ಇವುಗಳ ಸಮೀಪಚಿತ್ರಗಳೇ ಮುಂದೆ ಉಪಯೋಗಕ್ಕೆ ಬರುತ್ತವೆ. ನಕ್ಷೆಯನ್ನು ಮಾದರಿಯ ನಿಜ ಗಾತ್ರದಲ್ಲೇ ಕಾಗದದ ಮೇಲೆ ಮುದ್ರಿಸಿ, ಗೋಡೆಗೆ ಅಂಟಿಸಿ, ಪ್ರತಿಯೊಂದು ಭಾಗವನ್ನೂ ಅದರ ಮೇಲಿಟ್ಟು ಹೋಲಿಸುತ್ತ ಹೋಗಬೇಕು.

ಟ್ರ್ಯಾಕು, ಸ್ಪ್ರಾಕೆಟ್ ಮತ್ತು ಚಕ್ರಗಳು

ಟ್ರ್ಯಾಕಿನ ಒಂದು ಕೊಂಡಿಯ ಪಿನ್ನಿನಿಂದ ಮುಂದಿನ ಪಿನ್ನಿನವರೆಗಿನ ಅಂತರವೇ ಪಿಚ್. ಇದನ್ನು ಮೊದಲೇ ನಿಶ್ಚಯಿಸಿಕೊಳ್ಳಬೇಕು, ಏಕೆಂದರೆ ಟ್ರ್ಯಾಕನ್ನು ಎಳೆಯುವ ಹಲ್ಲುಚಕ್ರವಾದ ಸ್ಪ್ರಾಕೆಟ್ಟಿನ ಗಾತ್ರ, ಮೋಟರಿನ ವೇಗ ಎಲ್ಲವೂ ಇದರಿಂದಲೇ ಹುಟ್ಟುತ್ತವೆ. ನಾವು 14 ಮಿ.ಮೀ. ಪಿಚ್ ಮತ್ತು 14 ಹಲ್ಲಿನ ಸ್ಪ್ರಾಕೆಟ್ ಇಟ್ಟುಕೊಳ್ಳೋಣ. ಪಿಚ್ಚನ್ನು 180 ಡಿಗ್ರಿಯ ಹದಿನಾಲ್ಕನೇ ಒಂದು ಭಾಗದ ಸೈನ್ ಮೌಲ್ಯದಿಂದ ಭಾಗಿಸಿದರೆ ಪಿನ್ನುಗಳು ಕೂರುವ ವೃತ್ತದ ವ್ಯಾಸ ಸುಮಾರು 63 ಮಿ.ಮೀ. ಎಂದು ಸಿಗುತ್ತದೆ. ಸ್ಪ್ರಾಕೆಟ್ಟಿನ ಎರಡು ಹಲ್ಲಿನ ಬಳೆಗಳನ್ನು 3 ಮಿ.ಮೀ. ಕಬ್ಬಿಣದ ತಗಡಿನಲ್ಲಿ ಲೇಸರ್ ಕಟಿಂಗ್ ಅಂಗಡಿಯಲ್ಲಿ ಕತ್ತರಿಸಿಕೊಳ್ಳಬಹುದು. ಪ್ಲಾಸ್ಟಿಕ್ ಸ್ಪ್ರಾಕೆಟ್ ಈ ತೂಕಕ್ಕೆ ಬಾಳುವುದಿಲ್ಲ.

ಒಂದು ಬದಿಗೆ ಸುಮಾರು 105 ಕೊಂಡಿಗಳು ಬೇಕಾಗುತ್ತವೆ. ಪಿಇಟಿಜಿ ಪ್ಲಾಸ್ಟಿಕ್ಕಿನಲ್ಲಿ ತ್ರೀಡಿ ಪ್ರಿಂಟ್ ಮಾಡುವುದು ಇಂದು ಸುಲಭದ ದಾರಿ. ಆದರೆ ಕೊಂಡಿಯನ್ನು ಮಲಗಿಸಿಯೇ ಮುದ್ರಿಸಬೇಕು. ನಿಲ್ಲಿಸಿ ಮುದ್ರಿಸಿದರೆ ಪದರಗಳು ಎಳೆತಕ್ಕೆ ಅಡ್ಡವಾಗಿ ಬಂದು, ಸ್ಪ್ರಾಕೆಟ್ ಎಳೆದ ಕೂಡಲೇ ಪದರದ ಗೆರೆಯಲ್ಲೇ ಸೀಳು ಬಿಡುತ್ತದೆ. ಪಿನ್ನಿಗೆ ಸೈಕಲ್ ಚಕ್ರದ 2 ಮಿ.ಮೀ. ಕಡ್ಡಿಗಿಂತ ಅಗ್ಗವೂ ಗಟ್ಟಿಯೂ ಆದ ವಸ್ತು ಬೇರೊಂದಿಲ್ಲ. ಬಾಗಿದ ತುದಿಯನ್ನೂ ತಿರುಪಿನ ಮರೆ (ಥ್ರೆಡ್) ಇರುವ ತುದಿಯನ್ನೂ ಕತ್ತರಿಸಿ ತೆಗೆದರೆ ಒಂದು ಕಡ್ಡಿಯಿಂದ ನಾಲ್ಕು ಪಿನ್ನು ಬರುತ್ತವೆ. ಕೊಂಡಿಯ ಹೊರ ಕಿವಿಗಳ ತೂತು ಪಿನ್ನನ್ನು ಬಿಗಿಯಾಗಿ ಹಿಡಿಯಬೇಕು, ನಡುವಿನ ಕಿವಿಗಳ ತೂತು ಸಡಿಲವಾಗಿರಬೇಕು. ಎರಡು ಕೊಂಡಿಗಳನ್ನು ಜೋಡಿಸಿ ಒಂದನ್ನು ಬೆರಳುಗಳಲ್ಲಿ ಹಿಡಿದೆತ್ತಿದಾಗ ಇನ್ನೊಂದು ತನ್ನ ತೂಕಕ್ಕೇ ಕೆಳಗೆ ಬಾಗಿ ಜೋಲಬೇಕು. ಬಾಗದಿದ್ದರೆ ಆ ತೂತಿಗೆ ಇನ್ನೊಮ್ಮೆ ಡ್ರಿಲ್ ಹಾಯಿಸಬೇಕು.

ಇಲ್ಲಿ ಬಹಳ ಮಂದಿ ಗಮನಿಸದ ಒಂದು ಸಂಗತಿಯಿದೆ. ಪ್ರತಿ ಕೀಲಿನಲ್ಲಿ ಕೇವಲ 0.1 ಮಿ.ಮೀ. ಸಡಿಲವಿದ್ದರೂ 105 ಕೊಂಡಿಗಳಿಗೆ ಸೇರಿ ಟ್ರ್ಯಾಕು ಒಂದು ಸೆಂಟಿಮೀಟರಿಗಿಂತ ಹೆಚ್ಚು ಉದ್ದವಾಗುತ್ತದೆ. ಎಡಗಡೆಯ ಟ್ರ್ಯಾಕನ್ನು ಹೊಸ ಡ್ರಿಲ್ ಬಿಟ್ಟಿನಿಂದಲೂ ಬಲಗಡೆಯದನ್ನು ಸವೆದ ಬಿಟ್ಟಿನಿಂದಲೂ ಕೊರೆದರೆ ಎರಡರ ಪಿಚ್ ಬೇರೆಯಾಗಿ, ನೇರ ಹೋಗಬೇಕಾದ ಟ್ಯಾಂಕು ಒಂದು ಕಡೆಗೆ ವಾಲುತ್ತ ಸಾಗುತ್ತದೆ. ಆದ್ದರಿಂದ ಎಲ್ಲ ಕೊಂಡಿಗಳನ್ನೂ ಒಂದೇ ಬಿಟ್ಟಿನಿಂದ ಕೊರೆದು, ಬುಟ್ಟಿಯಲ್ಲಿ ಕಲಸಿ, ಆಮೇಲೆ ಎರಡು ಬದಿಗೂ ಹಂಚಿಕೊಳ್ಳಬೇಕು.

ಸೆಂಚೂರಿಯನ್‌ನ ಹಾರ್ಸ್ಟ್‌ಮನ್ ಸಸ್ಪೆನ್ಷನ್ ಮಾದರಿಕಾರರಿಗೆ ವರವೇ ಸರಿ. ಒಂದೊಂದು ಬದಿಗೆ ಮೂರು ಬೋಗಿಗಳು, ಒಂದೊಂದು ಬೋಗಿಯಲ್ಲಿ ಎರಡು ತೋಳುಗಳು, ಒಂದೊಂದು ತೋಳಿನ ತುದಿಯಲ್ಲಿ ಒಂದು ಜೋಡಿ ಚಕ್ರ. ಎರಡೂ ತೋಳುಗಳ ನಡುವೆ ಸ್ಪ್ರಿಂಗುಗಳು ಅಡ್ಡಲಾಗಿ ಮಲಗಿರುತ್ತವೆ. ಮುಂದಿನ ಚಕ್ರ ಕಲ್ಲಿನ ಮೇಲೇರಿದಾಗ ಅದರ ತೋಳು ಸ್ಪ್ರಿಂಗನ್ನು ಒತ್ತುತ್ತದೆ, ಸ್ಪ್ರಿಂಗು ಪಕ್ಕದ ತೋಳನ್ನು ಕೆಳಕ್ಕೆ ತಳ್ಳುತ್ತದೆ, ಹೀಗೆ ಎರಡು ಚಕ್ರಗಳೂ ಭಾರವನ್ನು ಹಂಚಿಕೊಳ್ಳುತ್ತವೆ. ಇಡೀ ಬೋಗಿಯನ್ನು ಕೆಲವೇ ಬೋಲ್ಟುಗಳಿಂದ ಒಡಲಿನ ಹೊರಮೈಗೆ ಕಟ್ಟುವುದರಿಂದ ದುರಸ್ತಿಗೆ ಒಂದನ್ನೇ ಬಿಚ್ಚಿ ತೆಗೆಯಬಹುದು. 15 ಕೆ.ಜಿ. ತೂಕವನ್ನು ಆರು ಬೋಗಿಗಳಿಗೆ ಹಂಚಿದರೆ ಒಂದಕ್ಕೆ 2.5 ಕೆ.ಜಿ. ಬರುತ್ತದೆ. ಬೋಗಿಯನ್ನು ಮೇಜಿನ ಮೇಲಿಟ್ಟು ಅಷ್ಟು ತೂಕ ಹೇರಿದಾಗ ತೋಳುಗಳ ಒಟ್ಟು ಓಟದ ಮೂರನೇ ಒಂದು ಭಾಗದಷ್ಟು ಮಾತ್ರ ಅದು ಕುಸಿಯುವಂಥ ಸ್ಪ್ರಿಂಗನ್ನು ಆರಿಸಬೇಕು. ನಿಜ ಟ್ಯಾಂಕಿನ ಸ್ಪ್ರಿಂಗನ್ನು ಹತ್ತನೇ ಒಂದಕ್ಕೆ ಇಳಿಸಿ ನಕಲು ಮಾಡಿದರೆ ಪ್ರಯೋಜನವಿಲ್ಲ, ಏಕೆಂದರೆ ನಮ್ಮ ಮಾದರಿಯ ತೂಕ ಆ ಪ್ರಮಾಣದಲ್ಲಿಲ್ಲ.

ಸುಮಾರು 80 ಮಿ.ಮೀ. ವ್ಯಾಸದ ಚಕ್ರಗಳನ್ನು ನೈಲಾನ್ ಸರಳಿನಿಂದ ಲೇತ್ ಅಂಗಡಿಯಲ್ಲಿ ತಿರುವಿಸಿಕೊಳ್ಳಬಹುದು. ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಸಣ್ಣ ಕೆಲಸಕ್ಕೂ ಒಪ್ಪುವ ಲೇತುಗಳು ಇನ್ನೂ ಇವೆ. ನಕ್ಷೆ ಸ್ಪಷ್ಟವಾಗಿದ್ದು, ಇಪ್ಪತ್ನಾಲ್ಕು ಚಕ್ರವನ್ನೂ ಒಟ್ಟಿಗೇ ಕೊಟ್ಟರೆ ಅಳತೆ ಏಕರೂಪವಾಗಿ ಬರುತ್ತದೆ. ಒಂದೊಂದು ಅಚ್ಚಿಗೂ 6 ಮಿ.ಮೀ. ತೂತಿನ 626 ಸಂಖ್ಯೆಯ ಎರಡು ಬೇರಿಂಗುಗಳು ಸಾಕು. ಟ್ರ್ಯಾಕನ್ನು ಎಳೆಯದೆ ಅದರೊಂದಿಗೆ ಸುಮ್ಮನೆ ತಿರುಗುವ ಮುಂದಿನ ಐಡ್ಲರ್ ಚಕ್ರದ ಅಚ್ಚನ್ನು ಉದ್ದ ಸೀಳಿನಲ್ಲಿ ಕೂರಿಸಿ, ಬೋಲ್ಟಿನಿಂದ ಹಿಂದೆಮುಂದೆ ಸರಿಸುವ ಹಾಗೆ ಮಾಡಿದರೆ ಟ್ರ್ಯಾಕಿನ ಬಿಗಿತವನ್ನು ಹೊಂದಿಸಿಕೊಳ್ಳಬಹುದು. ಅತಿ ಬಿಗಿಯಾದ ಟ್ರ್ಯಾಕು ಮೋಟರನ್ನು ಬಿಸಿ ಮಾಡುತ್ತದೆ, ಅತಿ ಸಡಿಲವಾದದ್ದು ತಿರುವಿನಲ್ಲಿ ಕಳಚುತ್ತದೆ. ಮೇಲಿನ ಪುಟ್ಟ ರೋಲರುಗಳು ಪಕ್ಕದ ತಗಡಿನ ಹಿಂದೆ ಮರೆಯಾಗುವುದರಿಂದ ಅವನ್ನು ಸಾದಾ ನೈಲಾನ್ ಬುಷ್‌ಗಳಾಗಿಯೇ ಮಾಡಿದರೂ ಯಾರಿಗೂ ತಿಳಿಯುವುದಿಲ್ಲ.

ಮೋಟರು ಮತ್ತು ವಿದ್ಯುತ್

ನಿಜವಾದ ಸೆಂಚೂರಿಯನ್ ಗಂಟೆಗೆ ಸುಮಾರು 35 ಕಿ.ಮೀ. ಓಡುತ್ತಿತ್ತು. ಅದರ ಹತ್ತನೇ ಒಂದು ಎಂದರೆ ಗಂಟೆಗೆ 3.5 ಕಿ.ಮೀ., ಅಂದರೆ ಮನುಷ್ಯರು ನಿಧಾನವಾಗಿ ನಡೆಯುವ ವೇಗ. ಸ್ಪ್ರಾಕೆಟ್ ಒಂದು ಸುತ್ತಿಗೆ 14 ಕೊಂಡಿಗಳನ್ನು, ಅಂದರೆ 196 ಮಿ.ಮೀ. ಎಳೆಯುತ್ತದೆ. ಆದ್ದರಿಂದ ನಿಮಿಷಕ್ಕೆ 300 ಸುತ್ತು ತಿರುಗುವ 12 ವೋಲ್ಟಿನ ಗೇರ್ ಮೋಟರ್ ಸರಿಯಾಗಿ ಹೊಂದುತ್ತದೆ. ಮೂವತ್ತು ಡಿಗ್ರಿಯ ಏರನ್ನು ಹತ್ತಬೇಕಾದರೆ ಒಂದೊಂದು ಸ್ಪ್ರಾಕೆಟ್ಟಿಗೆ ಸುಮಾರು 15 ಕೆ.ಜಿ.-ಸೆಂ.ಮೀ. ತಿರುಚುಬಲ ಬೇಕು. ನಿಂತಲ್ಲೇ ತಿರುಗುವಾಗ ಟ್ರ್ಯಾಕು ನೆಲವನ್ನು ಅಡ್ಡಲಾಗಿ ಕೆರೆಯುವುದರಿಂದ ಅದಕ್ಕಿಂತಲೂ ಹೆಚ್ಚು ಬೇಕಾಗಬಹುದು. ಹಾಗಾಗಿ ನಿರಂತರ ಓಟದಲ್ಲೇ 20 ಕೆ.ಜಿ.-ಸೆಂ.ಮೀ. ಕೊಡಬಲ್ಲ ಮೋಟರನ್ನು ಕೊಳ್ಳಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಳ್ಳುವಾಗ ಅಂಗಡಿಯವರು ಹೇಳುವ ಅಂಕಿ ಮೋಟರು ನಿಂತುಹೋಗುವ ಕ್ಷಣದ ಬಲವೋ ಓಟದ ಬಲವೋ ಎಂಬುದನ್ನು ಕೇಳಿ ತಿಳಿಯುವುದು ಅಗತ್ಯ, ಏಕೆಂದರೆ ಎರಡಕ್ಕೂ ದೊಡ್ಡ ಅಂತರವಿರುತ್ತದೆ. ಸ್ಪ್ರಾಕೆಟ್ಟನ್ನು ನೇರವಾಗಿ ಗೇರ್ ಬಾಕ್ಸಿನ ಶಾಫ್ಟಿಗೆ ತೂಗಿಹಾಕಬಾರದು. 10 ಮಿ.ಮೀ. ದಪ್ಪದ ಬೇರೆ ಶಾಫ್ಟನ್ನು ಎರಡು ಬೇರಿಂಗುಗಳಲ್ಲಿ ಕೂರಿಸಿ, ಮೋಟರನ್ನು ಕಪ್ಲಿಂಗ್ ಮೂಲಕ ಅದಕ್ಕೆ ಜೋಡಿಸಿದರೆ ಗೇರುಗಳು ವರ್ಷಾನುಗಟ್ಟಲೆ ಬಾಳುತ್ತವೆ.

ಎರಡು ಮೋಟರುಗಳಿಗೂ ತಲಾ 30 ಆಂಪಿಯರ್ ತಾಳುವ, ಒಂದೇ ಸ್ಟಿಕ್ಕಿನಿಂದ ವೇಗ ಮತ್ತು ತಿರುವು ಎರಡನ್ನೂ ಬೆರೆಸಬಲ್ಲ ಮೋಟರ್ ಡ್ರೈವರ್ ಬೇಕು. ಬ್ಯಾಟರಿಗೆ ನಾಲ್ಕು ಸೆಲ್ಲಿನ 12.8 ವೋಲ್ಟಿನ ಲಿಥಿಯಂ ಐರನ್ ಫಾಸ್ಫೇಟ್ ಬಗೆಯನ್ನೇ ನಾನು ಶಿಫಾರಸು ಮಾಡುತ್ತೇನೆ. ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿಗಿಂತ ಅದು ತುಸು ಭಾರವಾದರೂ, ಮರದ ಒಡಲಿನೊಳಗೆ ಮುಚ್ಚಿಡುವ ವಸ್ತುವಿಗೆ ಬೆಂಕಿಯ ಭಯ ಕಡಿಮೆ ಇರುವುದು ಮುಖ್ಯ. ಬ್ಯಾಟರಿಯ ಧನ ತುದಿಯ ಪಕ್ಕದಲ್ಲೇ ಫ್ಯೂಸ್ ಇರಬೇಕು, ಮೋಟರಿಗೆ ಹೋಗುವ ತಂತಿ 2.5 ಚದರ ಮಿ.ಮೀ.ಗಿಂತ ತೆಳ್ಳಗಿರಬಾರದು, ಮತ್ತು ಎಲ್ಲವನ್ನೂ ಒಮ್ಮೆಗೇ ಆರಿಸುವ ಸ್ವಿಚ್ಚು ಕೈಗೆ ಸುಲಭವಾಗಿ ಸಿಗುವ ಮುಚ್ಚಳದ ಕೆಳಗಿರಬೇಕು. ರಿಮೋಟಿನ ಸಂಪರ್ಕ ಕಡಿದರೆ ಮೋಟರುಗಳು ತಾವಾಗಿಯೇ ನಿಲ್ಲುವಂತೆ ರಿಸೀವರಿನ ಫೇಲ್‌ಸೇಫ್ ಹೊಂದಿಸುವುದನ್ನು ಯಾವ ಕಾರಣಕ್ಕೂ ಮರೆಯಬಾರದು. 15 ಕೆ.ಜಿ. ತೂಕದ, ಕಬ್ಬಿಣದ ಹಲ್ಲುಗಳುಳ್ಳ ವಾಹನ ಹಿಡಿತ ತಪ್ಪಿದರೆ ಮಕ್ಕಳ ಕಾಲಿಗೆ ಅಪಾಯ ತಪ್ಪಿದ್ದಲ್ಲ.

ಒಡಲು, ಟರೆಟ್, ನಳಿಗೆ

ಒಳಗಿನ ಪೆಟ್ಟಿಗೆಯನ್ನು 9 ಮಿ.ಮೀ. ಪ್ಲೈವುಡ್ಡಿನಲ್ಲಿ ಕಟ್ಟಿ, ಬೋಗಿಗಳು ಕೂರುವ ಪಕ್ಕಗಳಿಗೆ 3 ಮಿ.ಮೀ. ಅಲ್ಯೂಮಿನಿಯಂ ಪಟ್ಟಿ ಹೊದಿಸಬೇಕು. ಹೊರಮೈಗೆ 3 ಮಿ.ಮೀ. ಸನ್‌ಬೋರ್ಡ್ (ಹಗುರವಾದ ಪಿವಿಸಿ ಫೋಮ್ ಹಲಗೆ) ಸಾಕು. ಮೇಲ್ಭಾಗ ಇಡಿಯಾಗಿ ಎತ್ತಿ ತೆಗೆಯಲು ಬರುವಂತಿರಲಿ. ಬೆಸುಗೆಯ ಗೆರೆಗಳಿಗೆ ಎಂ-ಸೀಲನ್ನು ತೆಳುವಾದ ಎಳೆಯಾಗಿ ಹೊಸೆದು ಮೂಲೆಗೆ ಒತ್ತಿ, ಅದು ಗಟ್ಟಿಯಾಗುವ ಮುನ್ನ ಒದ್ದೆ ಮಾಡಿದ ಚಾಕುವಿನ ತುದಿಯಿಂದ ಒತ್ತೊತ್ತಾಗಿ ಗುರುತು ಮಾಡಿದರೆ ನಿಜವಾದ ಬೆಸುಗೆಯಂತೆಯೇ ಕಾಣುತ್ತದೆ.

ಸೆಂಚೂರಿಯನ್‌ನ ಟರೆಟ್ ಎರಕದ್ದು, ಅದರ ಚಾವಣಿ ಮಾತ್ರ ಬೆಸೆದ ತಗಡು. ಈ ವ್ಯತ್ಯಾಸ ಮಾದರಿಯಲ್ಲೂ ಕಾಣಬೇಕು. ಪಕ್ಕಗಳಿಗೆ ಎನ್‌.ಸಿ. ಪುಟ್ಟಿಯನ್ನು (ಕಾರಿನ ಬಣ್ಣದ ಕೆಲಸದಲ್ಲಿ ಬಳಸುವ ಪುಟ್ಟಿ) ತುಸು ಥಿನ್ನರ್ ಬೆರೆಸಿ ಬಳಿದು, ಅರೆ ಒಣಗಿದಾಗ ಗಡಸು ಬ್ರಷ್ಷಿನ ತುದಿಯಿಂದ ಕುಟ್ಟಿ, ಪೂರ್ತಿ ಒಣಗಿದ ಮೇಲೆ 320 ನಂಬರಿನ ಎಮರಿ ಪೇಪರಿನಿಂದ ಏಣುಗಳನ್ನು ಮಾತ್ರ ಸವರಿದರೆ ಎರಕದ ಒರಟು ಮೂಡುತ್ತದೆ. ಚಾವಣಿ ನುಣುಪಾಗಿಯೇ ಇರಲಿ. ಥಿನ್ನರ್ ಸನ್‌ಬೋರ್ಡನ್ನು ಕರಗಿಸಬಲ್ಲುದರಿಂದ ಮೊದಲು ಚೂರೊಂದರ ಮೇಲೆ ಪ್ರಯೋಗಿಸಿ ನೋಡಬೇಕು. ಟರೆಟ್ ಕೂರುವ ಬಳೆಯ ವ್ಯಾಸ ನಿಜದಲ್ಲಿ 74 ಇಂಚು, ಮಾದರಿಯಲ್ಲಿ ಸುಮಾರು 19 ಸೆಂ.ಮೀ. ಊಟದ ಮೇಜಿನ ತಿರುಗು ತಟ್ಟೆಗೆ ಬಳಸುವ ಅಲ್ಯೂಮಿನಿಯಂ ಬೇರಿಂಗ್ ಈ ಅಳತೆಗೆ ಹತ್ತಿರದಲ್ಲೇ ಸಿಗುತ್ತದೆ. ತಂತಿಗಳು ಸುತ್ತಿಕೊಳ್ಳದಂತೆ ನಡುವೆ ಸ್ಲಿಪ್ ರಿಂಗ್ ಹಾಕಿದರೆ ಟರೆಟ್ಟನ್ನು ಎಷ್ಟು ಸುತ್ತು ಬೇಕಾದರೂ ತಿರುಗಿಸಬಹುದು.

ಮಾರ್ಕ್ 7ರ 20 ಪೌಂಡರ್ ಫಿರಂಗಿಯ ನಳಿಗೆಯ ಒಳವ್ಯಾಸ 83.4 ಮಿ.ಮೀ., ಉದ್ದ ಅದರ 66.7 ಪಟ್ಟು. ಮಾದರಿಗೆ ಇದು ಸುಮಾರು 56 ಸೆಂ.ಮೀ. ಉದ್ದ, 8 ಮಿ.ಮೀ.ಗಿಂತ ತುಸು ಹೆಚ್ಚು ತೂತು. ನಳಿಗೆಯ ಮೇಲಿನ ಉಬ್ಬಿದ ಹೊಗೆ ಹೀರುವ ಭಾಗವನ್ನು ಮರೆಯಬಾರದು, ಮಾರ್ಕ್ 7ರ ಗುರುತೇ ಅದು. ಸೆಂಚೂರಿಯನ್‌ನ ಹಿರಿಮೆಗಳಲ್ಲೊಂದು, ಓಡುತ್ತಿರುವಾಗಲೂ ನಳಿಗೆಯನ್ನು ಗುರಿಯಲ್ಲೇ ಸ್ಥಿರವಾಗಿಡುವ ಸ್ಟೆಬಿಲೈಸರ್. ಓಲಾಟವನ್ನು ಅಳೆಯುವ ಎಂಪಿಯು-6050 ಸೆನ್ಸರ್, ಆರ್ಡುಯಿನೋ ಎಂಬ ಪುಟ್ಟ ನಿಯಂತ್ರಕ ಬೋರ್ಡ್ ಮತ್ತು ಹೇಳಿದಷ್ಟೇ ಕೋನ ತಿರುಗುವ ಒಂದು ಡಿಜಿಟಲ್ ಸರ್ವೋ ಮೋಟರ್ ಬಳಸಿ ಇದನ್ನು ಮಾದರಿಯಲ್ಲೂ ಸಾಧಿಸಬಹುದು. ಅದಕ್ಕೆ ಮೊದಲು ನಳಿಗೆಯ ಹಿಂಬದಿಗೆ ಸೀಸದ ತುಂಡು ಕಟ್ಟಿ, ಅದು ತನ್ನ ಅಚ್ಚಿನ ಮೇಲೆ ತಕ್ಕಡಿಯಂತೆ ಸಮತೂಗಿ ನಿಲ್ಲುವಂತೆ ಮಾಡಬೇಕು. ಹಾಗಾದಾಗ ಸರ್ವೋ ಭಾರ ಹೊರುವ ಕೆಲಸದಿಂದ ಬಿಡುಗಡೆಯಾಗಿ ತಿದ್ದುವ ಕೆಲಸವನ್ನಷ್ಟೇ ಮಾಡುತ್ತದೆ. ಉಬ್ಬುತಗ್ಗಿನ ಮೇಲೆ ಒಡಲು ಏಳುತ್ತ ಬೀಳುತ್ತ ಸಾಗುವಾಗ ನಳಿಗೆ ಮಾತ್ರ ದಿಗಂತದ ಒಂದೇ ಬಿಂದುವನ್ನು ನೋಡುತ್ತಿರುವುದು ಈ ಮಾದರಿಯ ಅತ್ಯಂತ ಸೊಗಸಾದ ನೋಟ ಎಂದೇ ನನ್ನ ಅಭಿಪ್ರಾಯ. ಸಿಡಿತದ ಮಿಂಚಿಗೆ ಎಲ್‌ಇಡಿ, ಸದ್ದಿಗೆ ಸಣ್ಣ ಆಡಿಯೋ ಮಾಡ್ಯೂಲ್ ಮತ್ತು ಸ್ಪೀಕರ್ ಸಾಕು. ಯಾವ ಬಗೆಯ ಗುಂಡನ್ನಾಗಲಿ ಮದ್ದನ್ನಾಗಲಿ ಹಾರಿಸುವ ವ್ಯವಸ್ಥೆಯನ್ನು ಮಾಡಲೇಬಾರದು.

ಬಣ್ಣಕ್ಕೆ ಮುನ್ನ ಟ್ಯಾಂಕನ್ನು ಹುಲ್ಲು, ಜಲ್ಲಿ ಮತ್ತು ಏರಿನ ಮೇಲೆ ಚೆನ್ನಾಗಿ ಓಡಿಸಿ, ಮೋಟರು ಮುಟ್ಟಲಾಗದಷ್ಟು ಬಿಸಿಯಾಗುತ್ತಿದೆಯೇ, ಟ್ರ್ಯಾಕು ಪಕ್ಕದ ತಗಡಿಗೆ ಉಜ್ಜುತ್ತಿದೆಯೇ ಎಂದು ನೋಡಿ ಎಲ್ಲವನ್ನೂ ಸರಿಪಡಿಸಿಕೊಳ್ಳಬೇಕು.

ಬಣ್ಣ

ಬಿಚ್ಚಬಹುದಾದ ಭಾಗಗಳನ್ನೆಲ್ಲ ಬಿಚ್ಚಿ, ಸಾಬೂನು ನೀರಿನಲ್ಲಿ ಎಣ್ಣೆಯಂಶ ತೊಳೆದು, ಮರದ ಭಾಗಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಬೇಕು. ಅಲ್ಯೂಮಿನಿಯಂ ಮೇಲೆ ಸಾಮಾನ್ಯ ಪ್ರೈಮರ್ ನಿಲ್ಲುವುದಿಲ್ಲ, ಅದಕ್ಕೆ ಲೋಹದ ಮೈಯನ್ನು ತುಸು ಕೊರೆದು ಹಿಡಿಯುವ ಎಚ್ (etch) ಪ್ರೈಮರ್ ಬೇಕು. ಅದರ ಮೇಲೆ ಮತ್ತು ಉಳಿದೆಡೆ ಕಾರುಗಳಿಗೆ ಹಚ್ಚುವ ಬೂದು ಸರ್ಫೇಸರ್ ಸಾಕಾಗುತ್ತದೆ. ಬೂದು ಬಣ್ಣದ ಕೆಳಗೆ ಗೀರು, ತೂತು, ಪುಟ್ಟಿಯ ಅಂಚು ಎಲ್ಲವೂ ಎದ್ದು ಕಾಣುವುದರಿಂದ ತಿದ್ದುವ ಕೆಲಸವನ್ನು ಇಲ್ಲೇ ಮುಗಿಸಬೇಕು. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ ಮತ್ತು ಮಲೆನಾಡಿನಲ್ಲಿ, ಲ್ಯಾಕರ್ ಬಗೆಯ ಬಣ್ಣ ಸಿಂಪಡಿಸಿದರೆ ಗಾಳಿಯ ತೇವ ಸೇರಿ ಮೇಲ್ಮೈ ಬೆಳ್ಳಗೆ ಮಬ್ಬಾಗುತ್ತದೆ. ಬಿಸಿಲು ಬಿದ್ದ ಒಣ ದಿನಕ್ಕೆ ಕಾಯುವುದೇ ಇದಕ್ಕೆ ಪರಿಹಾರ. ಗಟ್ಟಿಕಾರಕ ಬೆರೆಸುವ ಟು-ಕೆ ಬಣ್ಣಗಳ ಆವಿ ಶ್ವಾಸಕೋಶಕ್ಕೆ ಅಪಾಯಕಾರಿಯಾದ್ದರಿಂದ ಮನೆಯಲ್ಲಿ ಅವನ್ನು ಬಳಸದಿರುವುದೇ ಲೇಸು. ಉಳಿದ ಬಣ್ಣಗಳಿಗೂ ಆವಿ ತಡೆಯುವ ರೆಸ್ಪಿರೇಟರ್ ಕಡ್ಡಾಯ.

ಬ್ರಿಟಿಷ್ ಸೇನೆಯ ಸೆಂಚೂರಿಯನ್‌ಗಳ ಬಣ್ಣ ಬಿಎಸ್ 381ಸಿ ಎಂಬ ಬ್ರಿಟಿಷ್ ಬಣ್ಣಗಳ ಮಾನಕ ಪಟ್ಟಿಯ 224ನೇ ಸಂಖ್ಯೆಯ ಡೀಪ್ ಬ್ರಾಂಜ್ ಗ್ರೀನ್. ಭಾರತೀಯ ಟ್ಯಾಂಕಿಗೆ ಆಲಿವ್ ಹಸಿರಿನ ಗಾಢ ಛಾಯೆಯನ್ನು ಬೆರೆಸಿಕೊಳ್ಳಬೇಕು. ಚಿಕ್ಕ ವಸ್ತುವಿನ ಮೇಲೆ ಗಾಢ ಬಣ್ಣ ಇನ್ನಷ್ಟು ಕಪ್ಪಾಗಿ ಕಾಣುವುದರಿಂದ ತುಸು ತಿಳಿ ಹಳದಿ ಬೆರೆಸಿ ಹಗುರಗೊಳಿಸಬೇಕು, ಆದರೆ ಇಷ್ಟು ದೊಡ್ಡ ಮಾದರಿಗೆ ಅದು ಹತ್ತರಲ್ಲಿ ಒಂದು ಪಾಲನ್ನು ಮೀರಬಾರದು. ಈ ಗಾತ್ರಕ್ಕೆ 0.5 ಮಿ.ಮೀ. ನಾಜಲ್ಲಿನ ಏರ್‌ಬ್ರಷ್ ಅನುಕೂಲ. 20ರಿಂದ 25 ಪಿಎಸ್‌ಐ ಒತ್ತಡದಲ್ಲಿ ತೆಳುವಾದ ಮೂರು ಪದರಗಳನ್ನು ಹಾಯಿಸಿ, ಕೊನೆಯ ಪದರದಲ್ಲಿ ಬಿಸಿಲು ಬೀಳುವ ಚಾವಣಿ ಮತ್ತು ಮೇಲ್ತಗಡುಗಳಿಗೆ ಮಾತ್ರ ಒಂದಿಷ್ಟು ತಿಳಿಯಾದ ಅದೇ ಹಸಿರನ್ನು ಹಾಯಿಸಿದರೆ ಆಕಾರಕ್ಕೆ ಆಳ ಬರುತ್ತದೆ. ನೋಂದಣಿ ಸಂಖ್ಯೆಯನ್ನು ಸ್ಟೆನ್ಸಿಲ್‌ನಿಂದಲೇ ಬರೆಯಬೇಕು. ಭಾರತೀಯ ಸೇನೆಯ ವಾಹನ ಸಂಖ್ಯೆಯಲ್ಲಿ ಮೇಲ್ಮುಖದ ಬಾಣದ ಗುರುತಿರುವುದನ್ನು ಗಮನಿಸಿ, ನೀವು ಆರಿಸಿಕೊಂಡ ನಿರ್ದಿಷ್ಟ ಟ್ಯಾಂಕಿನ ಹಳೆಯ ಫೋಟೋ ಮುಂದಿಟ್ಟುಕೊಂಡೇ ಅಕ್ಷರದ ಗಾತ್ರ ಮತ್ತು ಸ್ಥಳವನ್ನು ನಿರ್ಧರಿಸಬೇಕು.

ಇದರ ಮೇಲೆ ಅರೆಹೊಳಪಿನ ವಾರ್ನಿಷ್ ಒಣಗಿದ ನಂತರ, ಕ್ಯಾಮೆಲ್ ತೈಲವರ್ಣದ ಬರ್ಂಟ್ ಅಂಬರನ್ನು ಟರ್ಪೆಂಟೈನಿನಲ್ಲಿ ನೀರಾಗಿಸಿ, ಬೆಸುಗೆಯ ಗೆರೆ ಮತ್ತು ಬೋಲ್ಟಿನ ಬುಡಗಳಿಗೆ ಸಣ್ಣ ಕುಂಚದ ತುದಿಯಿಂದ ಮುಟ್ಟಿಸಿದರೆ ಅದು ತಾನಾಗಿಯೇ ಸಂದಿನಲ್ಲಿ ಹರಿದು ಕೂರುತ್ತದೆ. ಹೆಚ್ಚಾದದ್ದನ್ನು ಮೇಲಿನಿಂದ ಕೆಳಕ್ಕೆ, ಮಳೆನೀರು ಇಳಿಯುವ ದಿಕ್ಕಿನಲ್ಲಿ ಒರೆಸಬೇಕು. ಬಣ್ಣ ಸುಲಿದ ಗುರುತುಗಳನ್ನು ಸಿಬ್ಬಂದಿ ಹತ್ತಿ ಇಳಿಯುವ ಕಡೆ, ಮುಚ್ಚಳಗಳ ಅಂಚಿನಲ್ಲಿ ಮಾತ್ರ ಮೂಡಿಸಬೇಕು. ಟ್ಯಾಂಕಿನ ಮೈತುಂಬ ತುಕ್ಕು ಬಳಿಯುವುದು ಹಲವರ ಅಭ್ಯಾಸವಾಗಿದೆ, ಆದರೆ ರೆಜಿಮೆಂಟಿನವರು ದಿನವೂ ಒರೆಸಿ ನೋಡಿಕೊಂಡ ಯಂತ್ರಕ್ಕೆ ಅದು ಹೊಂದುವುದಿಲ್ಲ.

ಧೂಳಿನ ಬಣ್ಣದ ವಿಚಾರದಲ್ಲಿ ಕರ್ನಾಟಕದವರು ವಿಶೇಷ ಎಚ್ಚರ ವಹಿಸಬೇಕು. ಅಂಗಳದ ಕೆಮ್ಮಣ್ಣನ್ನು ಜರಡಿ ಹಿಡಿದು ಹಚ್ಚಿದರೆ ನಮ್ಮ ಕಣ್ಣಿಗೆ ಸಹಜವಾಗಿ ಕಂಡರೂ, ಸೆಂಚೂರಿಯನ್‌ಗಳು ಹೋರಾಡಿದ ಪಂಜಾಬ್ ಮತ್ತು ಶಕರ್‌ಗಢ ಬಯಲಿನದು ನದಿ ತಂದು ಹರಡಿದ ಮೆಕ್ಕಲು ಮಣ್ಣು, ಅದರ ಧೂಳು ಬೂದುಮಿಶ್ರಿತ ತಿಳಿಕಂದು. ಅದಕ್ಕಾಗಿ ಸೀಮೆಸುಣ್ಣದ ಪುಡಿಗೆ ಕಂದು ಮತ್ತು ಚಿಟಿಕೆ ಕಪ್ಪು ಪಿಗ್ಮೆಂಟ್ ಬೆರೆಸಿ ಆ ಛಾಯೆಯನ್ನು ತರಬೇಕು. ಒಡಲಿನ ಕೆಳಭಾಗ ಮತ್ತು ಚಕ್ರಗಳಿಗೆ ಈ ಪುಡಿಯನ್ನು ಮ್ಯಾಟ್ ಮೀಡಿಯಂನಲ್ಲಿ ಕಲಸಿ ಮೆತ್ತಬಹುದು. ಮೇಲ್ಭಾಗಕ್ಕೆ ಒಣ ಕುಂಚದಿಂದ ತೆಳ್ಳಗೆ ಹರಡಿ ಮ್ಯಾಟ್ ವಾರ್ನಿಷ್‌ನಿಂದ ಬಂಧಿಸಿದರೆ ಸಾಕು. ಓಡುವ ಮಾದರಿಯಾದ್ದರಿಂದ ಕೈ ಹಿಡಿದು ಎತ್ತುವ ಜಾಗಗಳಿಗೆ ವಾರ್ನಿಷ್ಷಿನ ಇನ್ನೊಂದು ಪದರ ಬೇಕು. ಟ್ರ್ಯಾಕಿನ ಕೀಲುಗಳಿಗೆ, ಸ್ಪ್ರಾಕೆಟ್ಟಿನ ಹಲ್ಲುಗಳಿಗೆ ಬಣ್ಣ ಹಚ್ಚಬಾರದು. ಕೊಂಡಿಗಳನ್ನು ಕಡುಬೂದು ಪ್ಲಾಸ್ಟಿಕ್ಕಿನಲ್ಲೇ ಮುದ್ರಿಸಿಕೊಂಡು, ನೆಲ ಮುಟ್ಟುವ ಏಣುಗಳಿಗೆ ಮಾತ್ರ ಉಕ್ಕಿನ ಬಣ್ಣವನ್ನು ಒಣ ಕುಂಚದಿಂದ ತಾಗಿಸಿದರೆ ಅದು ಸವೆದರೂ ಸಹಜವಾಗಿಯೇ ಕಾಣುತ್ತದೆ.

ಹೊರಗೆ ಓಡಿಸಿ ತಂದ ಪ್ರತಿ ಬಾರಿಯೂ ಕೀಲುಗಳ ನಡುವಿನ ಮಣ್ಣನ್ನು ಗಡಸು ಬ್ರಷ್ಷಿನಿಂದ ಒಣಗಿದ ಮೇಲೆಯೇ ಕೆದಕಿ ತೆಗೆಯಬೇಕು. ಪಿನ್ನುಗಳಿಗೆ ಎಣ್ಣೆ ಹಾಕಿದರೆ ಮರಳು ಅಂಟಿಕೊಂಡು ತೂತುಗಳನ್ನು ಅರೆಯುತ್ತದೆ, ಆದ್ದರಿಂದ ಅವು ಒಣಗಿಯೇ ಇರಲಿ. ಹೊರಕ್ಕೆ ಸರಿದಿರುವ ಪಿನ್ನುಗಳನ್ನು ಒಳಕ್ಕೆ ತಟ್ಟಿ, ಟ್ರ್ಯಾಕಿನ ಬಿಗಿತವನ್ನು ಐಡ್ಲರ್ ಬೋಲ್ಟಿನಿಂದ ಮತ್ತೆ ಹೊಂದಿಸಿ, ವಾರಗಟ್ಟಲೆ ಓಡಿಸುವ ಯೋಚನೆಯಿಲ್ಲದಿದ್ದರೆ ಬ್ಯಾಟರಿಯನ್ನು ಅರ್ಧ ಚಾರ್ಜಿನಲ್ಲಿ ಹೊರತೆಗೆದಿಟ್ಟು, ಸ್ಪ್ರಿಂಗುಗಳ ಮೇಲೆ ಭಾರ ಬೀಳದಂತೆ ಒಡಲಿನ ತಳಕ್ಕೆ ಎರಡು ಮರದ ತುಂಡುಗಳನ್ನು ಕೊಟ್ಟು ನಿಲ್ಲಿಸಬೇಕು.